ಅವಳ ಕನ್ನಡದಲ್ಲೇ ಉತ್ತರಿಸಬೇಕಾದ ಪ್ರಶ್ನೆಗಳು

ದೂರದ ದೇಶದಿಂದ ಬಂದ ದಂಪತಿ ತಾವು ದತ್ತು ಪಡೆದ ಮಗುವನ್ನು ಮೊದಲ ಸಲ ಕಾಣುವ ಗಳಿಗೆಯ ಬಗ್ಗೆ ನಾನು ಓದಿರುವ ಬರಹಗಳೆಲ್ಲ ಹೆಚ್ಚುಕಡಿಮೆ ತಂದೆತಾಯಿಯ ಕಡೆಯಿಂದಲೇ ಬಂದವು. ಅದು ಸಹಜವೂ ಹೌದು. ವರ್ಷಗಟ್ಟಲೆ ಕಡತಗಳನ್ನು ಹಿಡಿದು ಕಾದವರು ಅವರು, ಒಂದೇ ಒಂದು ಭಾವಚಿತ್ರವನ್ನು ನೋಡಿ ನೋಡಿ ಮುಖವನ್ನು ಬಾಯಿಪಾಠ ಮಾಡಿಕೊಂಡವರು ಅವರು. ಮಗುವಿಗೆ ಆಗ ಬರೆಯಲು ಬರುವುದಿಲ್ಲ. ಬರೆಯುವ ವಯಸ್ಸು ಬರುವಷ್ಟರಲ್ಲಿ ಆ ದಿನವನ್ನು ಅದು ಯಾವ ಭಾಷೆಯಲ್ಲಿ ಅನುಭವಿಸಿತ್ತೋ ಆ ಭಾಷೆಯೇ ಅದರ ಬಳಿ ಉಳಿದಿರುವುದಿಲ್ಲ. ನಾನು ಹೇಳಬೇಕೆಂದಿರುವುದು ಈ ಎರಡನೆಯ ಸಂಗತಿಯನ್ನು ಕುರಿತು.

ಧಾರವಾಡ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ನನಗೆ ನಮ್ಮ ಭಾಗದ ಒಂದು ವಿಶೇಷ ದತ್ತು ಸಂಸ್ಥೆಯ ಒಡನಾಟ ಬೆಳೆಯಿತು. ಮೊದಮೊದಲು ಅಲ್ಲಿನ ದೊಡ್ಡ ಮಕ್ಕಳಿಗೆ ಅಕ್ಷರ ಕಲಿಸಲು ಹೋಗುತ್ತಿದ್ದೆ. ಇಂಗ್ಲಿಷು ಬಲ್ಲವಳೆಂಬ ಕಾರಣಕ್ಕೆ, ವಿದೇಶದ ತಂದೆತಾಯಿ ಬಂದಾಗ ಮಾತು ದಾಟಿಸುವ ಕೆಲಸವೂ ಕ್ರಮೇಣ ನನಗೇ ಬಂತು. ಅಂಥ ಕೋಣೆಯಲ್ಲಿ ನಡುವೆ ಕುಳಿತವರಿಗೆ ಎರಡೂ ಕಡೆಯ ಮುಖಗಳು ಕಾಣುತ್ತವೆ, ಎರಡೂ ಕಡೆಯ ಮಾತು ಕೇಳುತ್ತದೆ. ಅಲ್ಲಿ ಕುಳಿತು ನನಗೆ ಖಚಿತವಾದದ್ದು ಇದು: ಮೊದಲ ಭೇಟಿಯ ಹಿಂದುಮುಂದಿನ ಕೆಲವು ದಿನಗಳು, ಮಗು ತನ್ನ ಭಾಷೆಯಲ್ಲಿ ಪ್ರಶ್ನೆ ಕೇಳಿ ತನ್ನ ಭಾಷೆಯಲ್ಲೇ ಉತ್ತರ ಪಡೆಯಬಹುದಾದ ಕೊನೆಯ ದಿನಗಳು. ಆ ದಿನಗಳಿಗೆ ನಾವು ಕೊಡಬೇಕಾದಷ್ಟು ಬೆಲೆ ಕೊಡುತ್ತಿಲ್ಲ.

ಊರಿನ ಜನ ನನ್ನನ್ನು ಕೇಳುವ ಪ್ರಶ್ನೆ ಬೇರೆ. “ನಮ್ಮ ಕೂಸನ್ನ ಪರದೇಶಕ್ಕ ಯಾಕ ಕಳಸ್ತೀರಿ?” ಎನ್ನುತ್ತಾರೆ. ಈ ಪ್ರಶ್ನೆಯಲ್ಲಿ ಕಾಳಜಿಯಿದೆ, ಇದಕ್ಕೊಂದು ಇತಿಹಾಸವೂ ಇದೆ. ವಿದೇಶಿ ದತ್ತುವಿನ ಹೆಸರಿನಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು 1982ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬರೆದ ಪತ್ರವನ್ನೇ ನ್ಯಾಯಾಲಯ ಅರ್ಜಿಯೆಂದು ಸ್ವೀಕರಿಸಿತು, 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಕೊಟ್ಟ ತೀರ್ಪು ಈ ಕ್ಷೇತ್ರಕ್ಕೆ ಮೊದಲ ಬಾರಿಗೆ ಗಟ್ಟಿಯಾದ ಚೌಕಟ್ಟು ಹಾಕಿತು. ಮಗುವಿಗೆ ಮೊದಲು ತನ್ನ ದೇಶದಲ್ಲೇ ಮನೆ ಹುಡುಕಬೇಕು, ಸಿಗದಿದ್ದರೆ ಮಾತ್ರ ಹೊರಗೆ ನೋಡಬೇಕು ಎಂಬುದು ಅದರ ಮೂಲತತ್ವಗಳಲ್ಲೊಂದು. ದೇಶದೇಶಗಳ ನಡುವಿನ ದತ್ತು ಕುರಿತ 1993ರ ಹೇಗ್ ಒಪ್ಪಂದವೂ ಇದನ್ನೇ ಹೇಳುತ್ತದೆ, ಭಾರತ ಅದನ್ನು 2003ರಲ್ಲಿ ಅನುಮೋದಿಸಿತು. ಈಗ ದೆಹಲಿಯಲ್ಲಿರುವ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರೂ ‘ಕಾರಾ’ ಎನ್ನುವ ಸಂಸ್ಥೆ, ಇಡೀ ಪ್ರಕ್ರಿಯೆಯ ಮೇಲುಸ್ತುವಾರಿ ನಡೆಸುತ್ತದೆ. ಅದರ ಲೆಕ್ಕದಂತೆ ಈಚಿನ ವರ್ಷಗಳಲ್ಲಿ ಭಾರತದಿಂದ ಹೊರದೇಶಗಳಿಗೆ ದತ್ತು ಹೋಗುವ ಮಕ್ಕಳು ವರ್ಷಕ್ಕೆ ನಾಲ್ಕು ನೂರರ ಆಸುಪಾಸು, ದೇಶದೊಳಗೇ ಮನೆ ಸೇರುವವರು ಅದರ ಹಲವು ಪಟ್ಟು.

ಆದರೆ ದೇಶದೊಳಗಿನ ಬಹುಪಾಲು ದಂಪತಿಗಳು ಬಯಸುವುದು ಎರಡು ವರ್ಷದೊಳಗಿನ ಆರೋಗ್ಯವಂತ ಕೂಸನ್ನು. ಐದು ದಾಟಿದ ಮಕ್ಕಳು, ಒಬ್ಬರನ್ನೊಬ್ಬರು ಬಿಟ್ಟಿರಲಾಗದ ಅಣ್ಣತಂಗಿಯರು, ಹೃದಯದ ತೊಂದರೆಯೋ ಕಿವಿಯ ತೊಂದರೆಯೋ ಇರುವ ಮಕ್ಕಳು ಪಟ್ಟಿಯಲ್ಲಿ ಉಳಿದುಬಿಡುತ್ತಾರೆ. ಹೊರಗೆ ಹೋಗುವವರಲ್ಲಿ ಇಂಥವರೇ ಹೆಚ್ಚು. ಕಿತ್ತೂರು ನಮ್ಮ ಧಾರವಾಡಕ್ಕೆ ದೂರವೇನಲ್ಲ. ಶಿವಲಿಂಗಪ್ಪನ ದತ್ತಕವನ್ನು ಕಂಪನಿ ಸರ್ಕಾರ ಒಪ್ಪದೆ 1824ರಲ್ಲಿ ಯುದ್ಧವೇ ನಡೆದ ನೆಲ ಇದು. ದತ್ತಕವೆಂದರೆ ವಂಶಕ್ಕೆ ವಾರಸುದಾರ ಎಂಬ ಆ ಹಳೆಯ ತಿಳಿವಳಿಕೆ ನಮ್ಮ ಮನೆಗಳಲ್ಲಿ ಇನ್ನೂ ಆಳವಾಗಿದೆ, ಆದ್ದರಿಂದಲೇ ಆರು ವರ್ಷದ ಹೆಣ್ಣುಮಗುವೊಂದು ವರ್ಷಗಟ್ಟಲೆ ಕಾದರೂ ನಮ್ಮ ಜಿಲ್ಲೆಯ ಯಾವ ಮನೆಯೂ ಬಾಗಿಲು ತೆರೆಯುವುದಿಲ್ಲ. ಪರದೇಶಕ್ಕೆ ಏಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇಷ್ಟೇ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ತೊಟ್ಟಿಲ ಕೂಸು ಹೊರದೇಶಕ್ಕೆ ಹೋದರೆ ಅದು ಬಿಟ್ಟುಹೋಗುವುದು ದನಿಗಳನ್ನು, ವಾಸನೆಗಳನ್ನು. ಆರು ವರ್ಷದ ಮಗು ಬಿಟ್ಟುಹೋಗುವುದು ಒಂದು ಪೂರ್ತಿ ಭಾಷೆಯನ್ನು. ಅದಕ್ಕೆ ಜಗಳವಾಡಲು ಬರುತ್ತದೆ, ಒಗಟು ಗೊತ್ತಿರುತ್ತದೆ, ಸುಳ್ಳು ಹೇಳಲು ಬರುತ್ತದೆ, ನಿನ್ನೆಯದನ್ನು ನಾಳೆಗೆ ಜೋಡಿಸಲು ಬರುತ್ತದೆ. ಇದೆಲ್ಲವೂ ಎಷ್ಟು ಬೇಗ ಅಳಿಯುತ್ತದೆ ಎಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಮೂರರಿಂದ ಎಂಟು ವರ್ಷದ ನಡುವೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋಗಿ ಬೆಳೆದ ವಯಸ್ಕರನ್ನು ಅಧ್ಯಯನ ಮಾಡಿದ ತಂಡವೊಂದು 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬೇರೆ ಬೇರೆ ಭಾಷೆಗಳ ವಾಕ್ಯಗಳ ನಡುವೆ ಕೊರಿಯನ್ ಯಾವುದೆಂದು ಗುರುತಿಸಲು ಕೂಡ ಅವರಿಗೆ ಆಗಲಿಲ್ಲ. ಮೆದುಳಿನ ಚಿತ್ರಣದಲ್ಲೂ ಅವರಿಗೂ ಹುಟ್ಟು ಫ್ರೆಂಚರಿಗೂ ವ್ಯತ್ಯಾಸ ಕಾಣಲಿಲ್ಲ. ಎಂಟು ವರ್ಷದ ಮಗುವೆಂದರೆ ನಮ್ಮಲ್ಲಿ ಮೂರನೆಯ ಇಯತ್ತೆಯ ಮಗು. ಅಷ್ಟು ದೊಡ್ಡ ಮಗುವಿನ ತಾಯ್ನುಡಿಯೂ ಹಾಗೆ ಹೊರಟುಹೋಗಬಹುದೆಂದು ಓದಿದಾಗ, ಶಾಲೆಯಲ್ಲಿ ಜೀವಮಾನ ಕಳೆದ ನನಗೆ ಬಹಳ ಹೊತ್ತು ಬೇರೇನೂ ತೋಚಲಿಲ್ಲ. ಮುಂದಿನ ಅಧ್ಯಯನಗಳು ಸ್ವಲ್ಪ ಸಮಾಧಾನ ಕೊಡುತ್ತವೆ. ಚೀನಾದಿಂದ ಎಳವೆಯಲ್ಲೇ ಕೆನಡಾದ ಮಾಂಟ್ರಿಯಲ್ ಸೇರಿದ ಮಕ್ಕಳಿಗೆ ಚೀನಿ ಭಾಷೆಯ ಸ್ವರಭೇದಗಳನ್ನು ಕೇಳಿಸಿದಾಗ, ಒಂದು ಮಾತೂ ಅರ್ಥವಾಗದ ಅವರ ಮೆದುಳು ಚೀನಿ ಬಲ್ಲವರ ಮೆದುಳಿನಂತೆಯೇ ಸ್ಪಂದಿಸಿತೆಂದು 2014ರಲ್ಲಿ ಗೊತ್ತಾಯಿತು. ನೆದರ್ಲೆಂಡ್ಸಿನಲ್ಲಿ ಬೆಳೆದ ಕೊರಿಯನ್ ದತ್ತುಮಕ್ಕಳು ದೊಡ್ಡವರಾದ ಮೇಲೆ ಆ ಭಾಷೆಯ ಉಚ್ಚಾರಣೆಯನ್ನು ಇತರರಿಗಿಂತ ಚೆನ್ನಾಗಿ ಕಲಿತರೆಂದೂ ಇನ್ನೊಂದು ಅಧ್ಯಯನ ತೋರಿಸಿದೆ. ತಳದಲ್ಲಿ ಏನೋ ಉಳಿದಿರುತ್ತದೆ ಎಂದಾಯಿತು. ಆದರೆ ಮಾತನಾಡಲು, ಕೇಳಲು, ನೆನೆಯಲು ಬೇಕಾದ ಭಾಷೆ ಉಳಿಯುವುದಿಲ್ಲ.

ಈಗ ನಾನು ಕಂಡ ಒಬ್ಬ ಹುಡುಗಿಯ ವಿಷಯ. ಅವಳಿಗೆ ಆರು ತುಂಬಿತ್ತು. ಸೀಳುತುಟಿಯೊಂದಿಗೆ ಹುಟ್ಟಿದವಳು, ತುಟಿಯ ಶಸ್ತ್ರಚಿಕಿತ್ಸೆ ಎಳವೆಯಲ್ಲೇ ಆಗಿತ್ತು, ಅಂಗುಳಿನದು ಪೂರ್ತಿ ಸರಿಹೋಗಿರಲಿಲ್ಲ. ಹೀಗಾಗಿ ಅವಳ ಮಾತು ಮೂಗಿನಿಂದ ಬರುತ್ತಿತ್ತು, ಕೆಲವು ಅಕ್ಷರಗಳು ಹೊರಡುತ್ತಲೇ ಇರಲಿಲ್ಲ. ನನಗೇ ಮೊದಲು ಅರ್ಧ ಮಾತು ತಿಳಿಯುತ್ತಿರಲಿಲ್ಲ. ಅವಳನ್ನು ಕೂಸಾಗಿದ್ದಾಗಿನಿಂದ ನೋಡಿಕೊಂಡ ಒಬ್ಬ ಹಿರಿಯ ಹೆಂಗಸು ಅಲ್ಲಿದ್ದರು, ಮಕ್ಕಳೆಲ್ಲ ಅವರನ್ನು ಆಯಿ ಎಂದು ಕರೆಯುತ್ತಿದ್ದರು. ಹುಡುಗಿಯ ಮಾತನ್ನು ಆಯಿ ನನಗೆ ಹೇಳಬೇಕು, ನಾನು ಇಂಗ್ಲಿಷಿನಲ್ಲಿ ಮುಂದಕ್ಕೆ ಹೇಳಬೇಕು. ಹೀಗೆ ಅವಳಿಗೂ ಅವಳ ಹೊಸ ತಂದೆತಾಯಿಗೂ ನಡುವೆ ಇದ್ದವರು ಇಬ್ಬರು ದುಭಾಷಿಗಳು, ಅವರಲ್ಲಿ ಹೆಚ್ಚು ಬಲ್ಲವರು ಓದು ಬರಹ ಬಾರದ ಆಯಿ.

ಅಮೆರಿಕದ ಮಧ್ಯಭಾಗದ ಒಂದು ಸಣ್ಣ ಪಟ್ಟಣದ ದಂಪತಿ ಅವಳನ್ನು ಒಪ್ಪಿದ್ದರು. ಅವರ ದೇಶದ ಸಂಸ್ಥೆ ಅವರ ಮನೆಯನ್ನು ಪರಿಶೀಲಿಸಿ ವರದಿ ಬರೆದಿತ್ತು. ಇವರಿಗೆ ಇಲ್ಲಿಂದ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಮತ್ತು ಭಾವಚಿತ್ರ ಹೋಗಿದ್ದವು. ಕಾರಾದ ನಿರಾಕ್ಷೇಪಣಾ ಪತ್ರ ಬಂದು, ದತ್ತು ಆದೇಶವೂ ಆಗಿತ್ತು. ಈಗ ಆ ಆದೇಶವನ್ನು ನ್ಯಾಯಾಲಯ ಕೊಡುವುದಿಲ್ಲ; 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಗಳೇ ಕೊಡುತ್ತಾರೆ. ಮಗುವಿನ ವಯಸ್ಸು ಮತ್ತು ತಿಳಿವಳಿಕೆಯನ್ನು ನೋಡಿಕೊಂಡು ಅದರ ಇಚ್ಛೆಯನ್ನು ಪರಿಗಣಿಸಬೇಕೆಂದು ಬಾಲನ್ಯಾಯ ಕಾಯ್ದೆಯ 61ನೆಯ ಕಲಮು ಹೇಳುತ್ತದೆ. ಅವಳನ್ನೂ ಕೇಳಿದ್ದರು. ಅವಳು “ಹೂಂ” ಎಂದಿದ್ದಳು.

ಆ “ಹೂಂ” ಸುಳ್ಳಲ್ಲ. ಆದರೆ ಕಂಡಿಲ್ಲದ ಮನುಷ್ಯರಿಗೆ, ಕಂಡಿಲ್ಲದ ಊರಿಗೆ, ಆರು ವರ್ಷದ ಮಗು ಕೊಡುವ ಒಪ್ಪಿಗೆಯಲ್ಲಿ ಎಷ್ಟು ಅರ್ಥ ಇರಲು ಸಾಧ್ಯವೋ ಅಷ್ಟೇ ಅದರಲ್ಲಿತ್ತು. ತಂದೆತಾಯಿ ಬರುವುದಕ್ಕೆ ಮೊದಲಿನ ವಾರಗಳಲ್ಲಿ ನಾನು ಅವಳ ಜೊತೆ ಕೂತು, ಅವರು ಕಳುಹಿಸಿದ್ದ ಚಿತ್ರಗಳ ಪುಸ್ತಕವನ್ನು ತಿರುವಿ ಹಾಕುತ್ತಿದ್ದೆ. ಹಿಮ ಬಿದ್ದ ಅಂಗಳ, ಹಳದಿ ಬಣ್ಣದ ಶಾಲಾ ಬಸ್ಸು, ಅವಳಿಗೆಂದು ಅಣಿಮಾಡಿದ ಕೋಣೆ, ಒಂದು ದೊಡ್ಡ ನಾಯಿ. ದೊಡ್ಡವರು ಆ ಪುಸ್ತಕ ತೋರಿಸುವಾಗ ಕೋಣೆಯ ಚಂದವನ್ನೇ ಹೇಳುತ್ತಿದ್ದರು. ಅವಳ ಪ್ರಶ್ನೆಗಳು ಬೇರೆ ಕಡೆಯಿಂದ ಬಂದವು. ನಾಯಿ ಕಚ್ಚತೈತೇನ್ರಿ? ಆ ಖೋಲಿಯೊಳಗ ಮತ್ತ ಯಾರು ಮಲಗ್ತಾರ? ರಾತ್ರಿ ಲೈಟ್ ಹಚ್ಚಿರ್ತಾರೇನ್ರಿ? ಹತ್ತಾರು ಮಕ್ಕಳ ನಡುವೆ ಮಲಗಿ ರೂಢಿಯಿದ್ದ ಮಗುವಿಗೆ, ಒಬ್ಬಳಿಗೇ ಒಂದು ಕೋಣೆ ಎನ್ನುವುದು ಉಡುಗೊರೆಯಾಗಿ ಕಾಣದೆ ಶಿಕ್ಷೆಯಾಗಿ ಕಂಡಿತ್ತು. ಇದನ್ನು ನಾವು ಪತ್ರ ಬರೆದು ತಿಳಿಸಿದೆವು. ಅವರು ತಮ್ಮ ಮಲಗುವ ಕೋಣೆಯಲ್ಲಿ ಇನ್ನೊಂದು ಸಣ್ಣ ಹಾಸಿಗೆ ಹಾಕಿ, ಅದರ ಚಿತ್ರ ಕಳುಹಿಸಿದರು. ಈ ಒಂದು ಬದಲಾವಣೆ ಯಾವ ವರದಿಯ ಯಾವ ಕಾಲಮಿನಿಂದಲೂ ಹುಟ್ಟಲು ಸಾಧ್ಯವಿರಲಿಲ್ಲ.

ಭೇಟಿಯ ದಿನ ಕಚೇರಿಯ ಕೋಣೆಯಲ್ಲಿ ಸಂಸ್ಥೆಯ ಮುಖ್ಯಸ್ಥರು, ಸಮಾಜ ಕಾರ್ಯಕರ್ತೆ, ಆಯಿ, ನಾನು ಇದ್ದೆವು. ದಂಪತಿ ತುಂಬ ಹೊತ್ತಿನ ಪ್ರಯಾಣದಿಂದ ಬಳಲಿದ್ದರು, ಆದರೂ ಆತುರ ತೋರಿಸಲಿಲ್ಲ. ಹುಡುಗಿ ಆಯಿಯ ಬೆನ್ನ ಹಿಂದೆ ನಿಂತಳು. ಅಳಲಿಲ್ಲ. ತನ್ನ ಕಾಪಿ ಪುಸ್ತಕ ತಂದು, ಅವರಿಗೆ ಕೊಡದೆ ನನಗೆ ಕೊಟ್ಟಳು. ಆಮೇಲೆ ಎಲ್ಲರಿಗೂ ಕೇಳುವಂತೆ, ಅವರನ್ನು ನೋಡದೆ, ನನ್ನನ್ನೇ ಕೇಳಿದಳು: “ಅಕ್ಕೋರ, ಇವ್ರು ಮತ್ತ ಹೊಳ್ಳಿ ಹೋಗ್ತಾರೇನ್ರಿ?”

ನಾನು ಅದನ್ನು ದಾಟಿಸಿದೆ. ಮರಳಿ ಹೋಗುತ್ತೇವೆ, ಆದರೆ ನಿನ್ನನ್ನು ಬಿಟ್ಟು ಹೋಗುವುದಿಲ್ಲ ಎಂದು ತಾಯಿ ಹೇಳಿದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಪ್ರಶ್ನೆ ಕೇಳಿದಳು, ಅದು ನನಗೆ ತಿಳಿಯಲಿಲ್ಲ. ಆಯಿಗೆ ತಿಳಿಯಿತು, ಅವರ ಮುಖ ಇಳಿಯಿತು. “ನಾ ಬ್ಯಾಡ ಅಂದ್ರ ಅಂತ ಕೇಳಾಕತ್ತಾಳ್ರಿ,” ಎಂದರು.

ಅಲ್ಲಿದ್ದವರೊಬ್ಬರು, ಅದನ್ನು ಹೇಳುವುದು ಬೇಡ, ಪಾಪ ಅವರಿಗೆ ನೋವಾಗುತ್ತದೆ ಎಂದು ಮೆಲ್ಲಗೆ ಸೂಚಿಸಿದರು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಸಂತೋಷದ ದಿನ ಸಂತೋಷವಾಗಿಯೇ ಇರಲಿ ಎಂಬುದಷ್ಟೇ ಅವರ ಬಯಕೆ. ಆದರೆ ಆ ಪ್ರಶ್ನೆ ಕೇಳಿದವಳಿಗೆ ಅದನ್ನು ಇನ್ನೊಮ್ಮೆ ಕೇಳಲು ಭಾಷೆ ಇರುವುದಿಲ್ಲ. ಮೂರು ತಿಂಗಳ ನಂತರ, ಹಿಮ ಬಿದ್ದ ಆ ಊರಿನ ಅಡುಗೆಮನೆಯಲ್ಲಿ, ಅವಳಿಗೆ ಇಂಗ್ಲಿಷಿನಲ್ಲಿ ಹಾಲು, ನೀರು, ಬಾ, ಹೋಗು ಎಂದು ಹೇಳಲು ಬರಬಹುದು. ನಾನು ಬೇಡವೆಂದರೆ ಏನಾಗುತ್ತದೆ ಎಂದು ಕೇಳಲು ಬರುವುದಿಲ್ಲ. ಕೇಳಲು ಬರುವಷ್ಟು ಇಂಗ್ಲಿಷು ಬರುವ ಹೊತ್ತಿಗೆ ಪ್ರಶ್ನೆ ಮಾತಿನ ರೂಪ ಕಳೆದುಕೊಂಡು, ಹಟವಾಗಿಯೋ ನಿದ್ದೆಗೇಡಾಗಿಯೋ ಮೈಯಲ್ಲಿ ಉಳಿದುಬಿಟ್ಟಿರುತ್ತದೆ. ಆದ್ದರಿಂದ ನಾನು ಅವಳ ಮಾತನ್ನು ಇದ್ದದ್ದು ಇದ್ದಹಾಗೆ ಹೇಳಿದೆ.

ತಂದೆ ಬಹಳ ಯೋಚಿಸಿ ಉತ್ತರ ಕೊಟ್ಟರು. ಬೇಡ ಎಂದು ಹೇಳಬಹುದು, ಹೇಳಿದರೆ ನಾವು ಸಿಟ್ಟಾಗುವುದಿಲ್ಲ, ಯಾಕೆ ಬೇಡ ಎಂದು ಕೇಳುತ್ತೇವೆ, ಇವತ್ತು ನೀನು ನಮ್ಮ ಜೊತೆ ಬರಬೇಕಾಗಿಲ್ಲ, ನಾಳೆ ನಾವೇ ಇಲ್ಲಿಗೆ ಬರುತ್ತೇವೆ ಎಂದರು. ನಾನು ಇದನ್ನು ಧಾರವಾಡದ ಮಾತಿನಲ್ಲಿ ಅವಳಿಗೆ ಹೇಳಿದೆ, ಆಯಿ ತಮ್ಮದೇ ರೀತಿಯಲ್ಲಿ ಇನ್ನೊಮ್ಮೆ ಹೇಳಿದರು. ಹುಡುಗಿ ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ನಾಯಿಯ ಹೆಸರು ಕೇಳಿದಳು.

ಮುಂದಿನ ದಿನಗಳಲ್ಲಿ ಅವರು ದಿನವೂ ಬಂದರು. ಪಾಸ್‌ಪೋರ್ಟು, ಹೇಗ್ ಒಪ್ಪಂದಕ್ಕೆ ಅನುಗುಣವಾಗಿ ದತ್ತು ನಡೆದಿದೆಯೆಂಬ ಪ್ರಮಾಣಪತ್ರ, ವೀಸಾ ಇತ್ಯಾದಿಗಳ ಓಡಾಟ ಒಂದು ಕಡೆ ಇತ್ತು. ಅದನ್ನು ಬಲ್ಲವರು ಅದನ್ನು ನೋಡಿಕೊಂಡರು. ನನ್ನ ಪಾಲಿಗೆ ಆ ದಿನಗಳ ಮುಖ್ಯ ಕೆಲಸವೆಂದರೆ ಆಯಿ ಬಲ್ಲದ್ದನ್ನು ತಾಯಿಗೆ ದಾಟಿಸುವುದು. ಹುಡುಗಿ ಹೊಟ್ಟೆನೋವೆಂದು ಎಂದೂ ಹೇಳುವುದಿಲ್ಲ, ರೊಟ್ಟಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತಾಳೆ, ಅಷ್ಟೇ. ಗಡಬಡಿಸಿ ನೀರು ಕುಡಿದರೆ ಮೂಗಿಗೆ ಬರುತ್ತದೆ, ಆಗ ಯಾರೂ ನಗಬಾರದು. ಸಿಟ್ಟು ಬಂದರೆ ಮಂಚದ ಕೆಳಗೆ ಹೋಗುತ್ತಾಳೆ, ಎಳೆಯಬಾರದು, ಹತ್ತಿರ ಕೂತು ಬೇರೆ ಏನಾದರೂ ಮಾಡುತ್ತಿದ್ದರೆ ತಾನೇ ಬರುತ್ತಾಳೆ. ಯಾವ ಅಕ್ಷರ ಅವಳ ಬಾಯಲ್ಲಿ ಯಾವುದಾಗಿ ಬರುತ್ತದೆ ಎಂಬುದನ್ನು ಕೂಡ ಆಯಿ ಹೇಳಿಕೊಟ್ಟರು. ತಾಯಿ ಇದನ್ನೆಲ್ಲ ಬರೆದುಕೊಂಡರು, ಅನುಮಾನ ಬಂದಲ್ಲಿ ಮತ್ತೆ ಮತ್ತೆ ಕೇಳಿದರು. ಹೇಗ್ ಒಪ್ಪಂದದ 29ನೆಯ ವಿಧಿಯ ಪ್ರಕಾರ, ಅಗತ್ಯ ಒಪ್ಪಿಗೆಗಳೂ ಅರ್ಹತೆಯ ತೀರ್ಮಾನವೂ ಆಗುವ ತನಕ ದತ್ತು ಪಡೆಯುವವರು ಮಗುವಿನ ಹೆತ್ತವರನ್ನಾಗಲಿ ಪಾಲಕರನ್ನಾಗಲಿ ಸಂಪರ್ಕಿಸುವಂತಿಲ್ಲ. ಹಣದ ಆಮಿಷ ನುಸುಳದಿರಲೆಂದು ಮಾಡಿದ ಆ ನಿಯಮವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಆ ಹಂತ ದಾಟಿದ ಮೇಲೂ, ಮಗುವನ್ನು ಸಾಕಿದ ಹೆಂಗಸನ್ನು ಒಂದು ನಮಸ್ಕಾರಕ್ಕೆ ಕರೆದು ಕಳುಹಿಸುವ ಪದ್ಧತಿ ಎಷ್ಟೋ ಕಡೆ ಇದೆಯಲ್ಲ, ಅದು ಸರಿಯಲ್ಲ. ಆ ಕೋಣೆಯಲ್ಲಿ ಮಗುವಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದವರು ಅವರು.

ಇನ್ನೊಂದು ಕೆಲಸವನ್ನೂ ಮಾಡಿದೆವು. ಹುಡುಗಿಯನ್ನು ಆಯಿಯ ಪಕ್ಕ ಕೂರಿಸಿ, ಅವಳ ಕಥೆಯನ್ನು ಅವಳೇ ಹೇಳುವುದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡೆವು. ತನ್ನ ಗೆಳತಿಯರ ಹೆಸರು, ಯಾರು ಯಾರ ಪಕ್ಕ ಮಲಗುತ್ತಾರೆ, ಯಾರು ಹೊಡೆಯುತ್ತಾರೆ, ಅಂಗಳದಲ್ಲಿ ಏನೇನಿದೆ, ಆಸ್ಪತ್ರೆಗೆ ಹೋದಾಗ ಏನಾಯಿತು, ಯುಗಾದಿಗೆ ಏನು ಮಾಡುತ್ತಾರೆ. ನಾನು ಅದನ್ನು ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಬರೆದು, ದನಿಮುದ್ರಣದ ಜೊತೆ ಕೊಟ್ಟೆ. ಇದು ನನ್ನ ಕಲ್ಪನೆಯಿಂದ ಹುಟ್ಟಿದ್ದಲ್ಲ. ಕೊರಿಯಾದಿಂದ 1950ರ ದಶಕದಿಂದೀಚೆಗೆ ಸುಮಾರು ಎರಡು ಲಕ್ಷ ಮಕ್ಕಳು ಹೊರದೇಶಗಳಿಗೆ ದತ್ತು ಹೋದರು. ಅವರಲ್ಲಿ ಅನೇಕರು ನಡುವಯಸ್ಸಿನಲ್ಲಿ ಸಿಯೋಲಿಗೆ ಮರಳಿ ತಮ್ಮ ಮೂಲವನ್ನು ಹುಡುಕಿದಾಗ, ಹೆತ್ತ ತಾಯಿ ಸಿಕ್ಕರೂ ಮಾತನಾಡಲು ದುಭಾಷಿ ಬೇಕಾಯಿತು. ಕೆಲವರ ಕಡತಗಳಲ್ಲಿ ತಂದೆತಾಯಿ ಬದುಕಿದ್ದರೂ ಅನಾಥರೆಂದು ಬರೆದಿತ್ತು. ಅಲ್ಲಿನ ಸತ್ಯಶೋಧನಾ ಆಯೋಗ 2025ರ ಮಾರ್ಚಿನಲ್ಲಿ, ಆ ವ್ಯವಸ್ಥೆಯಲ್ಲಿ ಮಾನವಹಕ್ಕುಗಳ ಉಲ್ಲಂಘನೆ ನಡೆದಿದೆಯೆಂದೇ ಹೇಳಿತು. ಚೀನಾ 2024ರಲ್ಲಿ, ಬಂಧುಗಳಿಗೆ ಕೊಡುವುದನ್ನು ಬಿಟ್ಟು, ವಿದೇಶಿ ದತ್ತುವನ್ನೇ ನಿಲ್ಲಿಸಿತು. ಈ ದೊಡ್ಡ ಚರಿತ್ರೆಯಲ್ಲಿ ಕಾಗದಗಳು ಸುಳ್ಳು ಹೇಳಿದ್ದುಂಟು, ದೊಡ್ಡವರು ಮರೆತದ್ದುಂಟು. ಆರು ವರ್ಷದವಳು ತನ್ನ ಬಾಯಿಂದ ಹೇಳಿದ ಮಾತು ಅವಳಿಗಾಗಿ ಉಳಿದಿದ್ದರೆ, ಮುಂದೆ ಯಾವ ಕಡತವನ್ನಾದರೂ ಅವಳು ಅದರ ಪಕ್ಕದಲ್ಲಿಟ್ಟು ನೋಡಬಹುದು.

ದತ್ತು ಹೋದ ಮಗುವಿನ ಬಗ್ಗೆ ಎರಡು ವರ್ಷ ವರದಿ ಬರಬೇಕೆಂಬುದು ನಿಯಮ: ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೆಯ ವರ್ಷ ಆರು ತಿಂಗಳಿಗೊಂದು. ಅವಳ ತೂಕ, ಎತ್ತರ, ಶಾಲೆ, ಅಂಗುಳಿನ ಶಸ್ತ್ರಚಿಕಿತ್ಸೆ, ಮಾತಿನ ತರಬೇತಿ ಎಲ್ಲವೂ ಅವುಗಳಲ್ಲಿ ಬಂದವು. ಭಾಷೆ ಏನಾಯಿತೆಂಬ ಕಾಲಮು ಅವುಗಳಲ್ಲಿರಲಿಲ್ಲ. ಅದನ್ನು ನಾವು ವಿಡಿಯೊ ಕರೆಗಳಲ್ಲಿ ಕಂಡೆವು. ಮೊದಲ ಕರೆಯಲ್ಲಿ ಅವಳು ಆಯಿಯ ಜೊತೆ ಕನ್ನಡದಲ್ಲಿ ಜಗಳವಾಡಿದಳು. ಕೆಲವು ತಿಂಗಳ ನಂತರ ಆಯಿಯ ಕನ್ನಡ ತಿಳಿದರೂ ಇಂಗ್ಲಿಷಿನಲ್ಲಿ ಉತ್ತರಿಸಿದಳು. ವರ್ಷ ಕಳೆಯುವಷ್ಟರಲ್ಲಿ ಆಯಿಯ ಮುಖ ನೋಡಿ ನಗುತ್ತಿದ್ದಳು, ಮಾತು ತಿಳಿಯದೆ ತಾಯಿಯ ಕಡೆ ತಿರುಗುತ್ತಿದ್ದಳು. ನನಗೆ ಸಂಕಟವಾಯಿತು. ಆಯಿಗೆ ಅಷ್ಟಾಗಲಿಲ್ಲ. “ಮಾತು ಹ್ವಾದ್ರ ಹೋಗ್ಲಿ ಬಿಡ್ರಿ ಅಕ್ಕೋರ, ಆಕಿ ಅವ್ವನ ಕಡೆ ನೋಡಿದ್ಲಲ್ರೀ,” ಎಂದರು. ಮಗು ತಿಳಿಯದ್ದನ್ನು ಕೇಳಲು ಯಾರ ಕಡೆ ತಿರುಗುತ್ತದೆ ಎಂಬುದನ್ನು ಅವರು ನೋಡಿದ್ದರು, ನಾನು ನೋಡಿರಲಿಲ್ಲ.

ಹಾಗೆಂದು ನನ್ನ ಮಾತನ್ನು ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ಭಾಷೆ ಹೋಗುವುದನ್ನು ತಡೆಯಲು ಆ ತಂದೆತಾಯಿಗೆ ಸಾಧ್ಯವಿಲ್ಲದಿರಬಹುದು. ಹೋಗುವ ಮುನ್ನ ಅದನ್ನು ಪೂರ್ತಿ ಬಳಸಿಕೊಳ್ಳುವುದು ಇಲ್ಲಿರುವ ನಮ್ಮ ಕೈಯಲ್ಲಿದೆ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ. ಮಗುವಿನ ಮಾತು ಬಲ್ಲ ಒಬ್ಬರು ಭೇಟಿಗೆ ವಾರಗಳ ಮೊದಲೇ ಅದರ ಜೊತೆ ಕೂರಬೇಕು, ಭೇಟಿಯಲ್ಲಿ ಇರಬೇಕು, ಮಗು ಹೇಳಿದ್ದರಲ್ಲಿ ಅಹಿತವೆನಿಸಿದ್ದನ್ನು ಬಿಟ್ಟುಬಿಡದೆ ಹೇಳಬೇಕು. ನಮ್ಮ ಜಿಲ್ಲೆಗಳಲ್ಲಿ ಆ ಮಾತು ಯಾವಾಗಲೂ ಕನ್ನಡವೇ ಆಗಿರುವುದಿಲ್ಲ. ಉರ್ದು ಆಡುವ ಮಕ್ಕಳಿದ್ದಾರೆ, ಮರಾಠಿ ಆಡುವವರಿದ್ದಾರೆ, ತೆಲುಗು ಆಡುವವರಿದ್ದಾರೆ. ಈಗ ಅದೇ ಸಂಸ್ಥೆಯಲ್ಲಿ ಲಂಬಾಣಿ ಮಾತಾಡುವ ಅಣ್ಣತಮ್ಮಂದಿರಿಬ್ಬರಿದ್ದಾರೆ, ಅವರ ಕಡತ ಹೊರದೇಶಕ್ಕೆ ಹೋಗಿದೆ. ಕನ್ನಡ ಅವರಿಗೆ ಬರುತ್ತದೆ, ಆದರೆ ತಮ್ಮತಮ್ಮೊಳಗೆ ಅವರು ಪಿಸುಗುಟ್ಟುವುದು ಲಂಬಾಣಿಯಲ್ಲಿ, ನನಗೆ ಆ ಭಾಷೆ ಬಾರದು. ಹತ್ತಿರದ ತಾಂಡಾದ ಅಂಗನವಾಡಿ ಕಾರ್ಯಕರ್ತೆಯೊಬ್ಬರನ್ನು ಕೇಳಿಕೊಂಡೆವು. ಅವರು ಒಪ್ಪಿ, ಕೆಲಸ ಮುಗಿಸಿ ಬಂದು ಹುಡುಗರ ಜೊತೆ ಕೂರತೊಡಗಿದ್ದಾರೆ, ಹುಡುಗರು ಕೇಳಿದ್ದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ದೊಡ್ಡವನ ಪ್ರಶ್ನೆಗಳೆಲ್ಲ ತಮ್ಮನ ಬಗ್ಗೆಯೇ ಇವೆಯಂತೆ. ಅವುಗಳಲ್ಲಿ ಎರಡನ್ನು ಆಗಲೇ ಇಂಗ್ಲಿಷಿಗೆ ಮಾಡಿ ಆ ದೇಶದ ಸಂಸ್ಥೆಗೆ ಕಳುಹಿಸಿದ್ದೇವೆ, ತಂದೆತಾಯಿ ವಿಮಾನ ಹತ್ತುವ ಮೊದಲೇ ಉತ್ತರ ಬರಲಿ ಎಂದು ಕೇಳಿಕೊಂಡಿದ್ದೇವೆ.